ಎಡಕ್ಕೆ ವಾಲಿದ ಗಾಡಿ

ಬಬಲೇಶ್ವರದಲ್ಲಿ ನಾವು ಮನೆ ಕಟ್ಟಿಸುತ್ತಿದ್ದಾಗ ಕಿಟಕಿಗಳಿಗೆ ಗಾಜು ಕೂಡಿಸಿದವನು ತಿಕೋಟಾದ ಶಿವಾಜಿ. ನಲವತ್ತರ ಆಸುಪಾಸಿನ, ಕಡಿಮೆ ಮಾತಿನ ಮನುಷ್ಯ. ಆಳೆತ್ತರದ ಗಾಜಿನ ಹಾಳೆಯನ್ನು ಎದೆಗೂ ತೊಡೆಗೂ ಆನಿಸಿಕೊಂಡು, ಬಾಗಿಲಲ್ಲಿ ಓರೆಯಾಗಿ ತಿರುಗಿ ಒಳಗೆ ಬರುವುದನ್ನು ನೋಡಿದರೆ ನಿದ್ದೆಹೋದ ಕೂಸನ್ನು ಎತ್ತಿಕೊಂಡು ಬರುತ್ತಿದ್ದಾನೆ ಅನ್ನಿಸುತ್ತಿತ್ತು. ಅಂಥವನ ಗಾಡಿಯಲ್ಲಿ ನಮ್ಮ ಪಡಸಾಲೆಯ ಗಾಜು ಎರಡು ಸಲ ಒಡೆದು ಬಂತು. ಎರಡನೆಯ ಸಲ ಅವನು ಚೂರುಗಳನ್ನು ಗೋಣಿಚೀಲಕ್ಕೆ ತುಂಬುತ್ತ, ಗಾಡಿ ಸರಿ ಇಲ್ಲ, ನೋಡಿಸುತ್ತೇನೆ ಎಂದಷ್ಟೇ ಹೇಳಿದ. ಆ ಗಾಡಿಯ ಕತೆ ನನಗೆ ಪೂರ್ತಿ ತಿಳಿದದ್ದು ಬಹಳ ದಿನಗಳ ಮೇಲೆ. ಒಂದಷ್ಟು ಅವನು ಹೇಳಿದ, ಉಳಿದದ್ದನ್ನು ಅವನ ಹೆಂಡತಿ ಸಪ್ನಾ ಹೇಳಿದಳು.

ಶಿವಾಜಿ ಗಾಜಿನ ಕೆಲಸ ಕಲಿತದ್ದು ವಿಜಯಪುರದ ಸೊಲ್ಲಾಪುರ ರಸ್ತೆಯ ಒಂದು ಅಂಗಡಿಯಲ್ಲಿ. ಮ್ಯಾಟ್ರಿಕ್ ಮುಗಿಸಿದ ವರ್ಷವೇ ಅಲ್ಲಿಗೆ ಸೇರಿದ. ವಜ್ರದ ಮೊನೆಯ ಕಟರ್ ಹಿಡಿದು ಗೀರೆಳೆಯುವುದು, ಗೀರಿನ ಕೆಳಗೆ ಬೆರಳಿಟ್ಟು ಒಂದೇ ಒತ್ತಿಗೆ ಎರಡು ಮಾಡುವುದು, ಎಲ್ಲ ಅಲ್ಲಿಯೇ ಬಂತು. ಆಮೇಲೆ ತಿಕೋಟಾದ ಬಸ್ ನಿಲ್ದಾಣದ ಹತ್ತಿರ ಸ್ವಂತ ಅಂಗಡಿ ಹಾಕಿದ. ಗೋಡೆಯ ಮೇಲೆ ಬುದ್ಧನ ಒಂದು ಪಟ; ಅದರ ಚೌಕಟ್ಟು, ಗಾಜು ಎರಡೂ ಅವನದೇ ಕೈಕೆಲಸ. ಮನೆಯಲ್ಲಿ ತಾಯಿ ರೇಣವ್ವ, ಹೆಂಡತಿ ಸಪ್ನಾ. ಸಪ್ನಾ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಷೀನು ಇಟ್ಟುಕೊಂಡು ಜಂಪರು ಹೊಲಿಯುತ್ತಿದ್ದಳು.

ಅವರದು ಸಾಟಿ ಮದುವೆ. ಹೊನವಾಡದಿಂದ ಸಪ್ನಾಳನ್ನು ಇವರ ಮನೆಗೆ ತಂದರು; ಅದೇ ದಿನ, ಅದೇ ಹಂದರದಲ್ಲಿ ಶಿವಾಜಿಯ ತಂಗಿ ಮಾಯವ್ವನನ್ನು ಸಪ್ನಾಳ ಅಣ್ಣ ಮರೆಪ್ಪನಿಗೆ ಕೊಟ್ಟರು. ಈ ಮನೆಯ ಹೆಣ್ಣು ಆ ಮನೆಗೆ, ಆ ಮನೆಯ ಹೆಣ್ಣು ಈ ಮನೆಗೆ. ಸಂಬಂಧ ಗಟ್ಟಿಯಾಗುತ್ತದೆ, ಒಬ್ಬರ ಮಗಳನ್ನು ಇನ್ನೊಬ್ಬರು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಹಿರಿಯರು ಲೆಕ್ಕ ಹಾಕಿದ್ದರು. ಗಟ್ಟಿಯೇನೋ ಆಯಿತು. ಆದರೆ ಒಂದು ಮನೆಯಲ್ಲಿ ಬಾಗಿಲು ಜೋರಾಗಿ ಹಾಕಿಕೊಂಡರೆ ಸಂಜೆಯೊಳಗೆ ಇನ್ನೊಂದು ಮನೆಯಲ್ಲಿ ಸದ್ದಾಗುವಂಥ ಗಟ್ಟಿ.

ಅದು ಶಿವಾಜಿಗೆ ಅರ್ಥವಾದದ್ದು ಮದುವೆಯಾದ ಮೂರನೆಯ ವರ್ಷ. ಏನೋ ಸಣ್ಣ ಮಾತಿಗೆ ಗಂಡಹೆಂಡಿರ ಜಗಳವಾಗಿ ಸಪ್ನಾ ಸಿಟ್ಟಿನಿಂದ ಹೊನವಾಡದ ಬಸ್ ಹತ್ತಿದಳು. ಎರಡು ದಿನ ತವರಿನಲ್ಲಿದ್ದು ಬರುವ ಯೋಚನೆ ಅವಳದು. ಅವಳು ಅಲ್ಲಿ ಇಳಿದ ಸ್ವಲ್ಪ ಹೊತ್ತಿಗೆ ಮರೆಪ್ಪ ಮಾಯವ್ವನನ್ನು ಮೋಟಾರ್ ಸೈಕಲ್ ಮೇಲೆ ಕೂಡಿಸಿಕೊಂಡು ಬಂದು, ತಿಕೋಟಾದ ಮನೆಯ ಮುಂದೆ ಇಳಿಸಿ, ಒಳಗೂ ಬರದೆ ತಿರುಗಿ ಹೋದ. ಮಾಯವ್ವ ಯಾರೊಂದಿಗೂ ಜಗಳವಾಡಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳನ್ನು ಎಬ್ಬಿಸಿ ಕರೆತಂದಿದ್ದ. ಅವಳ ಉಗುರುಗಳಲ್ಲಿ ಜೋಳದ ಹಿಟ್ಟು ಹಾಗೇ ಒಣಗಿತ್ತು. ಬಟ್ಟೆಯ ಚೀಲ ಹಿಡಿದು ಅಣ್ಣನ ಹೊಸ್ತಿಲಲ್ಲಿ ನಿಂತವಳಿಗೆ ಏನಾಯಿತೆಂದೇ ತಿಳಿದಿರಲಿಲ್ಲ. ಹಿರಿಯರು ಕೂತು ಎರಡೂ ಕಡೆಯ ಹೆಣ್ಣುಮಕ್ಕಳನ್ನು ಅವರವರ ಮನೆಗೆ ಕಳಿಸಿದರು. ಅಂದಿನಿಂದ ಶಿವಾಜಿ ಹೊನವಾಡದವರ ಮುಂದೆ ಒಂದು ಮಾತು ಆಡಬೇಕಾದರೂ ತಂಗಿಯ ಆ ಕೈಗಳು ಕಣ್ಣ ಮುಂದೆ ಬರುತ್ತಿದ್ದವಂತೆ. ಆಡಬೇಕೆಂದದ್ದನ್ನು ಅರ್ಧಕ್ಕೇ ನುಂಗಿಬಿಡುತ್ತಿದ್ದ.

ಮರೆಪ್ಪ ಕೆಟ್ಟ ಮನುಷ್ಯನಂತೆ ಕಾಣುವವನಲ್ಲ. ದೊಡ್ಡ ದನಿ, ನಗುಮುಖ. ಬಂದಾಗಲೆಲ್ಲ ಅತ್ತೆ ರೇಣವ್ವನಿಗೆ ಎಲೆಅಡಿಕೆ ತರುತ್ತಿದ್ದ. ಹಳೆಯ ಗಾಡಿಗಳನ್ನು ಕೊಂಡು ಮಾರುವುದು ಅವನ ವ್ಯಾಪಾರ. ಶಿವಾಜಿ ಅಷ್ಟು ವರ್ಷ ಗಾಜನ್ನು ಮೂರು ಗಾಲಿಯ ಗಾಡಿಯಲ್ಲಿ ಸಾಗಿಸುತ್ತಿದ್ದ. ಒಂದು ದಿನ ಮರೆಪ್ಪ ಬಿಳಿಯ ಪಿಕಪ್ ಒಂದನ್ನು ತಂದು ಅಂಗಡಿಯ ಮುಂದೆ ನಿಲ್ಲಿಸಿ, ಇದನ್ನು ನಿನಗೆಂದೇ ಬೇರೆ ಯಾರಿಗೂ ತೋರಿಸದೆ ಇಟ್ಟಿದ್ದೇನೆ ಎಂದ. ಶಿವಾಜಿಗೆ ಸದ್ಯಕ್ಕೆ ಬೇಕಿರಲಿಲ್ಲ. ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಮರೆಪ್ಪ ಮೂರು ಗಾಲಿಯ ಗಾಡಿಯ ಕೀಲಿ ಇಸಿದುಕೊಂಡು, ಅದಕ್ಕೆ ಗಿರಾಕಿ ಈಗಾಗಲೇ ನೋಡಿದ್ದೇನೆ ಎಂದ. ಹೀಗೆ ಗಾಡಿ ಮನೆಗೆ ಬಂತು.

ಅದು ವಾಲಿದೆ ಎಂದು ಮೊದಲು ಕಂಡವಳು ರೇಣವ್ವ. ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಗಾಡಿಯ ಹಿಂಭಾಗವನ್ನೇ ನೋಡಿ, ಇದು ಒಂದು ಮಗ್ಗುಲಾಗಿ ನಿಂತಿದೆಯಲ್ಲೋ ಎಂದಳು. ನೆಲ ತಗ್ಗುದಿಣ್ಣೆ ಇದೆ ಎಂದು ಶಿವಾಜಿ ತಾಯಿಗೂ ಹೇಳಿದ, ತನಗೂ ಹೇಳಿಕೊಂಡ. ಗಾಡಿಯನ್ನು ತಿರುಗಿಸಿ ನಿಲ್ಲಿಸಿದ. ಆಗಲೂ ಎಡಗಡೆಯೇ ತಗ್ಗು. ಗಾಜು ಕೂಡಿಸುವವನ ಕಣ್ಣು ಅದು. ಒಮ್ಮೆ ಕಂಡ ಓರೆ ಮತ್ತೆ ಕಾಣದಿರುವುದಿಲ್ಲ.

ಗಾಜನ್ನು ಮಲಗಿಸಿ ಒಯ್ಯುವುದಿಲ್ಲ, ಮರದ ಚೌಕಟ್ಟಿಗೆ ಆನಿಸಿ ನಿಲ್ಲಿಸಿ ಒಯ್ಯುತ್ತಾರೆ. ಗಾಡಿ ಒಂದು ಕಡೆ ವಾಲಿದರೆ ಎಲ್ಲ ಹಾಳೆಗಳ ಭಾರ ಎಡ ಅಂಚಿನ ಹಾಳೆಯ ಮೇಲೆ ಬೀಳುತ್ತದೆ. ನಮ್ಮ ಮನೆಯ ಗಾಜು ಎರಡೂ ಸಲ ಒಡೆದದ್ದು ಹಾಗೆ. ಹುಲ್ಲು ತುಂಬಿದ, ಗೋಣಿ ಕಟ್ಟಿದ, ಎಷ್ಟು ನಿಧಾನ ಬಂದರೂ ಎಡ ಅಂಚಿನದೇ ಒಡೆಯುತ್ತಿತ್ತು. ಎರಡನೆಯ ಗಾಜು ಒಡೆದ ಮರುದಿನ ಅವನು ಗಾಡಿಯನ್ನು ಸೊಲ್ಲಾಪುರ ರಸ್ತೆಯಲ್ಲಿದ್ದ ಮಲ್ಲಿಕಸಾಬನ ಗ್ಯಾರೇಜಿಗೆ ಒಯ್ದ. ಗಾಜು ಕಲಿಯುತ್ತಿದ್ದ ದಿನಗಳಿಂದ ಪರಿಚಯದ ಮನುಷ್ಯ. ನೆರೆತ ಗಡ್ಡ, ಯಾವಾಗಲೂ ಸ್ವಲ್ಪ ಸಿಡುಕು.

ಮಲ್ಲಿಕಸಾಬ ದೂರದಿಂದಲೇ ನೋಡಿ, ಎಡಗಡೆಯ ಪಾಟಾ ಕೂತಿದೆ, ಅಷ್ಟೇ ಎಂದು ಹೇಳಿಬಿಟ್ಟ. ಲಾರಿ, ಪಿಕಪ್ಪುಗಳ ಗಾಲಿಯ ಮೇಲೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಕಟ್ಟಿರುತ್ತಾರಲ್ಲ, ಅದಕ್ಕೆ ಪಾಟಾ ಎನ್ನುತ್ತಾರೆ. ವರ್ಷಗಟ್ಟಲೆ ಭಾರ ಹೊತ್ತು ಅದರ ಬಾಗು ಇಳಿದರೆ ಆ ಕಡೆ ಗಾಡಿ ತಗ್ಗುತ್ತದೆ. ಆದರೂ ಅವನು ತನ್ನ ಪದ್ಧತಿ ಬಿಡಲಿಲ್ಲ. ಮೊದಲು ಗಾಡಿಯ ಹಿಂದಿನ ಸಾಮಾನೆಲ್ಲ ಇಳಿಸಿದ. ನಾಲ್ಕೂ ಗಾಲಿಗೆ ಸಮನಾಗಿ ಗಾಳಿ ಹಾಕಿದ. ಗ್ಯಾರೇಜಿನ ಅಂಗಳ ನಂಬುವಂಥದ್ದಲ್ಲ ಎಂದು ಹತ್ತಿರದ ತೂಕದ ಕಾಟಾದ ಸಮತಟ್ಟು ಹಾಸಿನ ಮೇಲೆ ಗಾಡಿ ನಿಲ್ಲಿಸಿ, ಗಾಲಿಯ ನಡುವಿನಿಂದ ಮೇಲಿನ ತಗಡಿನ ಅಂಚಿನವರೆಗೆ ಎರಡೂ ಕಡೆ ಟೇಪು ಹಿಡಿದ. ಹಿಂದೆ ಎಡಗಡೆ ಮೂರು ಬೆರಳು ತಗ್ಗು. ಮುಂದೆ ತಗ್ಗು ಇತ್ತಾದರೂ ಕಡಿಮೆ.

ಆಮೇಲೆ ಎಡಗಡೆಯ ಹಿಂದಿನ ಪಾಟಾವನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ. ಪಾಟಾದ್ದೇ ದೋಷವಿದ್ದರೆ ಗಾಡಿ ಈಗ ಬಲಕ್ಕೆ ವಾಲಬೇಕು. ಜಾಕಿ ಇಳಿಸಿದರು. ಗಾಡಿ ಎಡಕ್ಕೇ ವಾಲಿ ನಿಂತಿತು. ಮಲ್ಲಿಕಸಾಬ ಚಹಾ ತರಿಸಿ ಕುಡಿದ. ಪಾಟಾದ ತುದಿಯ ರಬ್ಬರು ಸವೆದಿರಬಹುದೆಂದು ಅದನ್ನು ಬದಲಿಸಿದ. ಏನೂ ವ್ಯತ್ಯಾಸವಾಗಲಿಲ್ಲ.

ಮಾರನೆಯ ದಿನ ಮತ್ತೆ ಶುರು. ಮುಂದಿನ ಎಡ ಪಾಟಾ ಸೋತಿದ್ದರೂ ಅದು ಹಿಂಭಾಗವನ್ನು ಎಳೆಯುತ್ತದೆ ಎಂದು ಮುಂದಿನ ಅಡ್ಡ ತೊಲೆಯ ನಟ್ಟನಡುವೆ ಒಂದೇ ಜಾಕಿ ಕೊಟ್ಟು ಮೂತಿಯನ್ನು ಎತ್ತಿದ. ಹಾಗೆ ಎತ್ತಿದರೆ ಮುಂದಿನ ಪಾಟಾಗಳ ಪ್ರಭಾವ ಹಿಂದಕ್ಕೆ ಹೋಗುವುದಿಲ್ಲ. ದೋಷ ಮುಂದಿದ್ದರೆ ಹಿಂಭಾಗ ಮಟ್ಟಕ್ಕೆ ಬರಬೇಕು. ಶಿವಾಜಿ ಕಿಟಕಿ ಕೂಡಿಸುವಾಗ ಬಳಸುವ ತನ್ನ ರಸಮಟ್ಟವನ್ನು ಹಿಂದಿನ ಹಲಗೆಯ ಮೇಲಿಟ್ಟ. ಗುಳ್ಳೆ ಬಲಕ್ಕೆ ಹೋಗಿ ನಿಂತಿತು; ಎಡಗಡೆ ಇನ್ನೂ ತಗ್ಗೇ.

“ಮುಂದಿಂದೂ ಅಲ್ಲ, ಹಿಂದಿಂದೂ ಅಲ್ಲ,” ಎಂದ ಮಲ್ಲಿಕಸಾಬ. “ನಡು ಮುರದೈತಿ ಇದರದು.”

ಗಾಡಿಯ ಉದ್ದಕ್ಕೂ ಎರಡು ಉಕ್ಕಿನ ತೊಲೆಗಳು ಓಡುತ್ತವೆ. ಎಂಜಿನ್ನು, ಕ್ಯಾಬಿನ್ನು, ಹಿಂದಿನ ಡಬ್ಬಿ ಎಲ್ಲವೂ ಅವುಗಳ ಮೇಲೆ ಕೂತಿರುತ್ತವೆ. ಅದನ್ನು ಚಾಸಿ ಎನ್ನುತ್ತಾರೆ. ಮಲ್ಲಿಕಸಾಬ ಶಿವಾಜಿಯ ಕೈಯಲ್ಲಿ ದಾರದ ಒಂದು ತುದಿ ಕೊಟ್ಟು, ಇನ್ನೊಂದು ತುದಿ ತಾನು ಹಿಡಿದು ಕೆಳಗೆ ತೂರಿದ. ಬಲಗಡೆಯ ತೊಲೆಗೆ ದಾರ ಉದ್ದಕ್ಕೂ ಅಂಟಿಕೊಂಡು ನಿಂತಿತು. ಎಡಗಡೆ ಕ್ಯಾಬಿನ್ನಿನ ಹಿಂದೆ ಒಂದು ಕಡೆ ದಾರಕ್ಕೂ ತೊಲೆಗೂ ನಡುವೆ ಬೆರಳು ತೂರುವಷ್ಟು ಸಂದು. ಅಲ್ಲಿ ಕಪ್ಪು ಬಣ್ಣ ದಪ್ಪವಾಗಿ ಬಳಿದಿತ್ತು. ಸೀಮೆಎಣ್ಣೆ ಸವರಿ ತಂತಿಯ ಬ್ರಷ್ಷಿನಿಂದ ತಿಕ್ಕಿದಾಗ ಬಣ್ಣದಡಿಯಿಂದ ಒಂದು ತೇಪೆ ಹೊರಬಂತು. ಅಂಗೈ ಅಗಲದ ಉಕ್ಕಿನ ತುಂಡು, ಸುತ್ತಲೂ ಗಡಿಬಿಡಿಯ ಬೆಸುಗೆ. ಬೆಸುಗೆಯ ಮೇಲಂಚಿನಲ್ಲಿ ಕೂದಲೆಳೆಯಂಥ ಒಂದು ಬಿರುಕು ಆಗಲೇ ಬಾಯಿ ಬಿಟ್ಟಿತ್ತು.

ಮಲ್ಲಿಕಸಾಬ ಕೆಳಗಿನಿಂದ ಸರಿದು ಬಂದು ಕೈ ಒರೆಸಿಕೊಂಡ. ಆ ಸಿಡುಕು ಈಗ ಅವನ ದನಿಯಲ್ಲಿ ಇರಲಿಲ್ಲ.

“ಇದು ಎಲ್ಲೋ ಮಗಚಿ ಬಿದ್ದಿತ್ರಿ, ಶಿವಾಜಿ. ಬಡದು ನೆಟ್ಟಗ ಮಾಡಿ, ತ್ಯಾಪಿ ಹಚ್ಚಿ, ಬಣ್ಣ ಹೊಡದಾರ. ಮತ್ತ ಬೆಸಗಿ ಹಾಕ್ತೇನಂದ್ರ ಹಾಕಬಹುದು, ಆದ್ರ ಅದರ ಬಾಜೂಕ ಬಿಡತೈತಿ. ಯಾರ ಕೊಟ್ರು ನಿಮಗ?”

ಶಿವಾಜಿ ಹಿಂದಿನ ಹಲಗೆಯ ಮೇಲಿದ್ದ ರಸಮಟ್ಟವನ್ನು ಎತ್ತಿ ಒರೆಸತೊಡಗಿದ. ಮಲ್ಲಿಕಸಾಬ ಮತ್ತೊಮ್ಮೆ ಕೇಳಲಿಲ್ಲ. ಎಡಗಡೆ ಒಂದು ಪಾಟಾ ಹೆಚ್ಚಿಗೆ ಹಾಕಿದರೆ ನಿಂತಾಗ ಗಾಡಿ ಮಟ್ಟವಾಗಿ ಕಾಣುತ್ತದೆ, ಮಾರುವವರು ಹಾಗೆಯೇ ಮಾಡುತ್ತಾರೆ ಎಂದ. ಆದರೆ ಒಳಗಿನದು ಒಳಗೇ ಇರುತ್ತದೆ, ಭಾರ ಹಾಕಿದ ದಿನ ರಸ್ತೆಯ ಮೇಲೆ ಎರಡು ತುಂಡಾಗಿ ಮಲಗಬಹುದು. ಗಾಜು ಹೋದರೆ ಹೋಗಲಿ, ಹಿಂದೆ ಮಂದಿಯನ್ನು ಮಾತ್ರ ಯಾವತ್ತೂ ಕೂಡಿಸಬೇಡಿ ಎಂದ. ಬಿರುಕು ಬೆಳೆಯುತ್ತಿದೆಯೋ ಇಲ್ಲವೋ ತಿಳಿಯಬೇಕಾದರೆ ಅದರ ಮೇಲೆ ಅಡ್ಡಲಾಗಿ ಒಂದು ಬಣ್ಣದ ಗೆರೆ ಎಳೆದಿಡಬೇಕು. ಗೆರೆ ಸೀಳಿದ ದಿನ ಗಾಡಿ ನಿಲ್ಲಿಸಬೇಕು ಎಂದೂ ಹೇಳಿದ. ಈ ವಿಷಯ ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡು ಶಿವಾಜಿ ಗಾಡಿ ತೆಗೆದ.

ಇಟ್ಟಂಗಿಹಾಳ ದಾಟಿ ತಿಕೋಟಾದ ಕಡೆ ಬರುವಾಗ ಅವನಿಗೆ ಮೊದಲ ಸಲ ಆ ಸದ್ದು ಕೇಳಿಸಿತು. ರಸ್ತೆಯ ಉಬ್ಬಿನ ಮೇಲೆ ಗಾಲಿ ಏರಿ ಇಳಿದಾಗ ಬೆನ್ನ ಹಿಂದೆ ಎಲ್ಲೋ ಹಳೆಯ ಮಂಚದ ಮೇಲೆ ಯಾರೋ ಮಗ್ಗುಲು ಬದಲಿಸಿದ ಹಾಗೆ. ಮೊದಲೂ ಆ ಸದ್ದು ಇದ್ದಿರಬೇಕು. ತಿಳಿದ ಮೇಲೆ ಅದೊಂದೇ ಕೇಳಿಸತೊಡಗಿತು.

ಮುಂದಿನ ತಿಂಗಳುಗಳನ್ನು ಅವನು ಹೇಗೆ ಕಳೆದನೆಂದು ಕೇಳಿದಾಗ, ಕೂತಲ್ಲೇ ಕೂತ ಹಾಗಿತ್ತು ಎಂದ. ಗಾಡಿಯನ್ನು ಮರೆಪ್ಪನಿಗೆ ಹಿಂತಿರುಗಿಸಬೇಕೆಂದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಮೋಸ ಮಾಡಿದೆ ಎಂದ ಹಾಗೆ. ಹಾಗೆಂದ ಸಂಜೆಯೇ ಮಾಯವ್ವ ಚೀಲ ಹಿಡಿದು ಹೊಸ್ತಿಲಲ್ಲಿ ನಿಲ್ಲುತ್ತಾಳೆ. ಈಗ ಅವಳಿಗೆ ಒಬ್ಬಳು ಮಗಳೂ ಇದ್ದಳು, ಆ ಮಗಳನ್ನು ಅವಳ ಜೊತೆ ಕಳಿಸುತ್ತಾರೋ ಇಲ್ಲವೋ. ಓಡಿಸದೆ ನಿಲ್ಲಿಸಿಬಿಡೋಣವೆಂದರೆ ಮರೆಪ್ಪ ವಾರಕ್ಕೊಮ್ಮೆಯಾದರೂ ತಿಕೋಟಾ ಮೇಲೆ ಹಾದುಹೋಗುವವನು. ಬೇರೆಯವರಿಗೆ ಮಾರೋಣವೆಂದರೆ ಅವರ ಮನೆಯಲ್ಲಿಯೂ ಮಂದಿ ಇದ್ದಾರೆ. ಒಬ್ಬ ಗಿರಾಕಿ ತಾನಾಗಿಯೇ ಕೇಳಿಕೊಂಡು ಬಂದಿದ್ದ. ಶಿವಾಜಿ ಅವನನ್ನು ಗಾಡಿಯ ಸುತ್ತ ಒಂದು ಸುತ್ತು ಕರೆದೊಯ್ದು, ಕೊನೆಗೆ ಮಾರುವುದಿಲ್ಲ ಎಂದುಬಿಟ್ಟ. ಗಿರಾಕಿ ಬೈದುಕೊಂಡು ಹೋದ.

ಮರೆಪ್ಪ ಬಂದಾಗಲೆಲ್ಲ ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿ ಹೇಗೆ ಓಡುತ್ತಿದೆ ಎಂದು ಕೇಳುತ್ತಿದ್ದ. ಚಲೋ ಐತ್ರಿ ಮಾವ, ಎನ್ನುತ್ತಿದ್ದ ಶಿವಾಜಿ. ಕೇಳುವಾಗ ಮರೆಪ್ಪನ ಕಣ್ಣು ತನ್ನ ಮುಖದ ಮೇಲಿರುತ್ತದೋ ಗಾಡಿಯ ಮೇಲಿರುತ್ತದೋ ಎಂದು ಗಮನಿಸುತ್ತಿದ್ದ. ಇವನಿಗೆ ಗೊತ್ತೋ ಇಲ್ಲವೋ? ಗೊತ್ತಿಲ್ಲದಿದ್ದರೆ ಇವನೂ ಮೋಸ ಹೋದವನೇ, ಕೂತು ಮಾತಾಡಬಹುದು. ಗೊತ್ತಿದ್ದರೆ? ಅದೊಂದು ತೀರ್ಮಾನವಾಗದೆ ಬಾಯಿ ಬಿಡುವ ಹಾಗಿರಲಿಲ್ಲ. ಬಾಯಿ ಬಿಡದೆ ತೀರ್ಮಾನವಾಗುವ ಹಾಗೂ ಇರಲಿಲ್ಲ. ಒಂದೊಂದು ಸಲ ಚಲೋ ಐತಿ ಎಂದಾಗಲೂ, ಇನ್ನು ಮುಂದೆ ಬೇರೆ ಮಾತು ಹೇಳುವುದು ಇನ್ನಷ್ಟು ಕಷ್ಟವಾಗುತ್ತಿತ್ತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ.

ಬಣ್ಣದ ಗೆರೆ ಎಳೆಯಲು ಅವನ ಕೈಗೆ ಸಿಕ್ಕಿದ್ದು ಸಪ್ನಾಳ ಕೆಂಪು ನೇಲ್ ಪಾಲಿಶ್. ದಿನಾ ಬೆಳಿಗ್ಗೆ ಗಾಡಿಯ ಕೆಳಗೆ ತೂರಿ ಟಾರ್ಚ್ ಬಿಟ್ಟು ಗೆರೆಯನ್ನು ನೋಡುತ್ತಿದ್ದ. ಇಡಿಯಾಗಿದ್ದರೆ ಒಂದೆರಡು ಹಾಳೆ ಗಾಜು ಹೇರಿಕೊಂಡು ಎತ್ತಿನ ಗಾಡಿಯ ವೇಗದಲ್ಲಿ ಹೋಗಿ ಬರುತ್ತಿದ್ದ. ದೊಡ್ಡ ಕೆಲಸಗಳನ್ನು ಏನೇನೋ ನೆಪ ಹೇಳಿ ಬಿಡುತ್ತಿದ್ದ. ಒಂದು ದಿನ ಕೆಳಗಿನಿಂದ ಹೊರಬಂದಾಗ ಸಪ್ನಾ ಎದುರಿಗೆ ನಿಂತಿದ್ದಳು. ಕೈಯಲ್ಲಿ ಆ ಶೀಶೆ. ಉಗುರಿಗೆ ಹಚ್ಚುವ ಬಣ್ಣ ಗಾಡಿಯ ಹೊಟ್ಟೆಗೆ ಯಾಕೆ ಎಂದು ಕೇಳಿದಳು. ಒಂದು ಜೋಡಣೆ ಸಡಿಲಿದೆ, ನಿಗಾ ಇಟ್ಟಿದ್ದೇನೆ ಎಂದ. ಅವಳು ಸೆರಗು ಸಿಕ್ಕಿಸಿಕೊಂಡು ತಾನೇ ಕೆಳಗೆ ಬಗ್ಗಿ, ಟಾರ್ಚ್ ಇಸಿದುಕೊಂಡು ನೋಡಿದಳು. ಎದ್ದ ಮೇಲೆ ತನ್ನ ಅಣ್ಣನ ಹೆಸರನ್ನು ಅವಳೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಆಗಲೇ ತನಗೆ ಅರ್ಧ ತಿಳಿದಿತ್ತು, ಇನ್ನರ್ಧ ತಿಳಿಯುವುದು ಬೇಡವೆಂದೇ ಕೇಳಲಿಲ್ಲ ಎಂದು ಸಪ್ನಾ ನನಗೆ ಹೇಳಿದಳು. ಅವಳಿಗೆ ಅದು ತವರು.

ಅಷ್ಟರಲ್ಲಿ ಬಬಲೇಶ್ವರದಲ್ಲಿ ಮರೆಪ್ಪನ ಚಿಕ್ಕಪ್ಪನ ಬಸುರಿ ಮಗಳ ಕುಬಸದ ಕಾರ್ಯ ಬಂತು. ಹೊನವಾಡದಿಂದ ಹೆಣ್ಣುಮಕ್ಕಳನ್ನೆಲ್ಲ ಪಿಕಪ್ಪಿನಲ್ಲಿ ಕರೆದೊಯ್ಯಬೇಕೆಂದು ಮರೆಪ್ಪ ಫೋನು ಮಾಡಿದ. ಶಿವಾಜಿ ಆ ದಿನ ವಿಜಯಪುರದಲ್ಲಿ ಕೆಲಸವಿದೆ ಎಂದ. ಕೆಲಸ ಮರುದಿನಕ್ಕೆ ಹಾಕು ಎಂದ ಮರೆಪ್ಪ. ಗಾಡಿಯಲ್ಲಿ ಗಾಜಿನ ಚೂರುಗಳಿವೆ, ಹೆಣ್ಣುಮಕ್ಕಳು ಕೂರುವಂಥದ್ದಲ್ಲ ಎಂದ. ಜಮಖಾನ ಹಾಸೋಣ ಎಂದ ಮರೆಪ್ಪ. ಕೊನೆಗೆ ಅವನ ದನಿ ಸ್ವಲ್ಪ ಬದಲಾಯಿತು: ಗಾಡಿ ಕೊಟ್ಟವರ ಮನೆಗೇ ಗಾಡಿ ಬರುವುದಿಲ್ಲವೇನು ಎಂದು ಕೇಳಿದ. ಶಿವಾಜಿ ಬರುತ್ತೇನೆ ಎಂದ.

ಆ ಬೆಳಿಗ್ಗೆ ಗೆರೆ ಇಡಿಯಾಗಿಯೇ ಇತ್ತು. ಅದನ್ನೇ ಧೈರ್ಯ ಮಾಡಿಕೊಂಡು ಸಪ್ನಾಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೊರಟ. ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳಲ್ಲಿ ಔಷಧಿ ಹೊಡೆಯುವ ಟ್ರ್ಯಾಕ್ಟರುಗಳ ಸದ್ದು. ಹೊನವಾಡದ ಹತ್ತಿರ ರಸ್ತೆ ಅಗೆದ ಕಡೆ ಒಂದು ಗುಂಡಿಗೆ ಎಡ ಗಾಲಿ ಇಳಿದು ಎದ್ದಿತು. ಬೆನ್ನ ಹಿಂದಿನ ಸದ್ದು ಈ ಸಲ ಮಂಚದ ಸದ್ದಿನಂತಿರಲಿಲ್ಲ. ಒಣ ಕಟ್ಟಿಗೆ ಚಟ್ಟೆಂದ ಹಾಗಿತ್ತು.

ಮರೆಪ್ಪನ ಮನೆಯ ಮುಂದೆ ಗಾಡಿ ನಿಲ್ಲಿಸಿದ ಕೂಡಲೇ ಹೆಣ್ಣುಮಕ್ಕಳು ಹಸಿರು ಬಳೆ, ಹಣ್ಣಿನ ಬುಟ್ಟಿ ಹಿಡಿದು ಹತ್ತತೊಡಗಿದರು. ಶಿವಾಜಿ ಗಾಲಿ ನೋಡುವವನ ಹಾಗೆ ಬಗ್ಗಿ ಕೆಳಗೆ ಟಾರ್ಚ್ ಬಿಟ್ಟ. ಕೆಂಪು ಗೆರೆ ಎರಡಾಗಿತ್ತು. ಎರಡು ತುಂಡುಗಳ ನಡುವೆ ಹೊಸ ಉಕ್ಕಿನ ಹೊಳಪು.

ಎದ್ದು ನಿಂತ. ಮೇಲೆ ಮಾಯವ್ವ ಹೊಸ ಸೀರೆ ಉಟ್ಟು, ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಎಡ ಅಂಚಿಗೇ ಕೂತಿದ್ದಳು. ಅಣ್ಣನನ್ನು ಕಂಡು ನಕ್ಕಳು. ಹೇಳಬೇಕು ಎಂದುಕೊಂಡ. ಸುತ್ತ ಮರೆಪ್ಪನ ಓಣಿಯ ಮಂದಿ, ಅವನ ತಾಯಿ, ಚಿಕ್ಕಪ್ಪಂದಿರು. ನಿಧಾನವಾಗಿ ಹೋದರೆ ಬಬಲೇಶ್ವರ ಮುಟ್ಟಬಹುದೇನೋ ಎಂಬ ಯೋಚನೆಯೂ ಬಂತಂತೆ. ಅದನ್ನು ನನಗೆ ಹೇಳುವಾಗ ಅವನು ನೆಲ ನೋಡುತ್ತಿದ್ದ. ಕ್ಯಾಬಿನ್ನಿಗೆ ಹತ್ತಿ ಕೂತ. ಎಂಜಿನ್ನು ಚಾಲೂ ಮಾಡಿದ.

ಆಗ ಮರೆಪ್ಪ ತನ್ನ ಮೋಟಾರ್ ಸೈಕಲ್ಲನ್ನು ಪಿಕಪ್ಪಿನ ಪಕ್ಕಕ್ಕೆ ತಂದು ನಿಲ್ಲಿಸಿ, ಮೇಲಕ್ಕೆ ಕೈ ಚಾಚಿ ಮಾಯವ್ವನ ತೊಡೆಯಿಂದ ಮಗಳನ್ನು ಎತ್ತಿಕೊಂಡ. ಅವಳಿಗೆ ಹಿಂದೆ ಧೂಳು ಬಡಿಯುತ್ತದೆ, ನನ್ನ ಜೊತೆ ಬರಲಿ ಎಂದ. ಮೋಟಾರ್ ಸೈಕಲ್ಲಿನ ಮೇಲೆ ಧೂಳು ಕಡಿಮೆಯೇನಲ್ಲ. ಹುಡುಗಿ ಅವ್ವನ ಹತ್ತಿರವೇ ಇರುತ್ತೇನೆಂದು ಕೊಸರಾಡಿದಳು. ಮರೆಪ್ಪ ಬಿಡಲಿಲ್ಲ. ಟ್ಯಾಂಕಿನ ಮೇಲೆ ಅವಳನ್ನು ಕೂಡಿಸಿಕೊಂಡು, ಪಿಕಪ್ಪಿನ ಕನ್ನಡಿಯಲ್ಲಿ ಕಾಣುತ್ತಿದ್ದ ಶಿವಾಜಿಗೆ ಸಾವಕಾಶ ನಡಿ ಎಂದು ಕೈ ಮಾಡಿದ.

ತಿಂಗಳುಗಟ್ಟಲೆ ತೀರ್ಮಾನವಾಗದಿದ್ದದ್ದು ಅಲ್ಲಿಗೆ ಆಯಿತು. ಇವನಿಗೆ ಗೊತ್ತು. ಮಗಳನ್ನು ಇಳಿಸಿಕೊಂಡ, ಮಗಳ ತಾಯಿಯನ್ನು ಬಿಟ್ಟ. ಶಿವಾಜಿ ಎಂಜಿನ್ನು ಬಂದ್ ಮಾಡಿದ. ಬಾಗಿಲ ಹಿಡಿಕೆಯ ಮೇಲೆ ಕೈ ಇಟ್ಟವನಿಗೆ ಅದನ್ನು ತಿರುಗಿಸಲು ಆಗಲಿಲ್ಲ. ಅಷ್ಟರಲ್ಲಿ ಆ ಕಡೆಯ ಬಾಗಿಲು ತೆರೆದ ಸದ್ದಾಯಿತು. ಸಪ್ನಾ ಇಳಿದು ಅಣ್ಣನ ಮುಂದೆ ಹೋಗಿ ನಿಂತಿದ್ದಳು.

“ಯಣ್ಣಾ, ಕೂಸಿನ್ನ ಯಾಕ ಇಳಿಸಿದಿ?”

ಧೂಳು ಎಂದ ಮರೆಪ್ಪ.

“ಧೂಳಲ್ಲ. ಗಾಡಿ ನಡು ಮುರದದ್ದು ನಿನಗ ಗೊತ್ತೈತಿ. ನಿನ್ನ ಕೂಸು ಇಳೀತು. ನಮ್ಮನ್ನೆಲ್ಲಾ ಯಾಕ ಕುಂದ್ರಿಸಿದಿ, ಅದನ್ನ ಹೇಳು.”

ಅವಳ ದನಿ ಜೋರಾಗಿರಲಿಲ್ಲ. ಆದರೆ ಓಣಿಯ ಮಂದಿಗೆಲ್ಲ ಕೇಳಿಸಿತು. ಮರೆಪ್ಪ ನಗಲು ನೋಡಿದ. ಯಾರೋ ತಲೆ ಕೆಡಿಸಿದ್ದಾರೆ ಎಂದ. ಆಗ ಶಿವಾಜಿ ಇಳಿದು ಬಂದು, ಮರೆಪ್ಪನ ಚಿಕ್ಕಪ್ಪನ ಕೈಗೆ ಟಾರ್ಚ್ ಕೊಟ್ಟು ಗಾಡಿಯ ಕೆಳಗೆ ತೋರಿಸಿದ. ಮುದುಕ ಮೊಣಕಾಲೂರಿ ಬಗ್ಗಿ ನೋಡಿದ. ಎದ್ದು, ಹೆಣ್ಣುಮಕ್ಕಳೆಲ್ಲ ಇಳಿಯಿರಿ ಎಂದಷ್ಟೇ ಹೇಳಿದ. ಅವರು ಬುಟ್ಟಿ ಹೊತ್ತು ಬಸ್ ನಿಲ್ದಾಣಕ್ಕೆ ನಡೆದರು. ಕಾರ್ಯಕ್ಕೆ ತಡವಾಗಿ ಮುಟ್ಟಿದರು.

ಶಿವಾಜಿ ಹೆದರಿದ್ದು ಮರುದಿನವೇ ಆಯಿತು. ಮರೆಪ್ಪ ಮಾಯವ್ವನನ್ನು ತಂದು ತಿಕೋಟಾದ ಮನೆಯ ಮುಂದೆ ಇಳಿಸಿದ. ಮಗಳು ಜೊತೆಗಿರಲಿಲ್ಲ. ಪದ್ಧತಿಯ ಪ್ರಕಾರ ಈಗ ಸಪ್ನಾ ಚೀಲ ಕಟ್ಟಿಕೊಂಡು ಹೊನವಾಡಕ್ಕೆ ಹೊರಡಬೇಕು. ಮರೆಪ್ಪ ಮೋಟಾರ್ ಸೈಕಲ್ ಬಂದ್ ಮಾಡದೆ ಅವಳಿಗಾಗಿ ಕಾಯುತ್ತ ನಿಂತ. ಸಪ್ನಾ ಹೊರಗೆ ಬಂದಳು. ಮಾಯವ್ವನ ಕೈಯಿಂದ ಚೀಲ ಇಸಿದುಕೊಂಡು ಒಳಗಿಟ್ಟು ಬಂದಳು.

“ನಾ ಬರೂದಿಲ್ಲ. ನೀವು ಅಕಿನ್ನ ತಂದು ಬಿಟ್ರ ನಾ ಅಲ್ಲಿಗೆ ಬರಬೇಕಂತ ಎಲ್ಲೈತಿ? ಅಕಿನೂ ಇಲ್ಲೇ ಇರತಾಳ, ನಾನೂ ಇಲ್ಲೇ ಇರತೇನಿ. ಕೂಸಿನ್ನ ತಂದು ಕೊಡು.”

ಕೂಸನ್ನು ಅವನು ತಂದು ಕೊಡಲಿಲ್ಲ. ಮಾಯವ್ವ ತಿಂಗಳೊಪ್ಪತ್ತು ಅಣ್ಣನ ಮನೆಯಲ್ಲಿದ್ದಳು. ಸಪ್ನಾಳ ಪಕ್ಕದಲ್ಲಿ ಕೂತು ಜಂಪರಿಗೆ ಹುಕ್ಕು ಹಚ್ಚುತ್ತಿದ್ದಳು. ಹೊನವಾಡದ ಬಸ್ ಬರುವ ಹೊತ್ತಿಗೆ ಮಾತ್ರ ಸೂಜಿ ನಿಲ್ಲುತ್ತಿತ್ತು. ನೀನು ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವಳು ಯಾರಿಗೂ ಹೇಳಲಿಲ್ಲ. ಹೇಳಿದ್ದು ಒಳ್ಳೆಯದಾಯಿತು ಎಂದೂ ಹೇಳಲಿಲ್ಲ.

ಗಾಡಿಯನ್ನು ಶಿವಾಜಿ ಬಾಡಿಗೆಯ ಕ್ರೇನಿಗೆ ಕಟ್ಟಿಸಿ ಮಲ್ಲಿಕಸಾಬನ ಅಂಗಳಕ್ಕೆ ಸಾಗಿಸಿದ್ದ. ಎಂಜಿನ್ನು, ಗಾಲಿ, ಬಾಗಿಲುಗಳನ್ನು ಬಿಚ್ಚಿ ಬೇರೆಯಾಗಿ ಕೊಡಬಹುದು. ಚಾಸಿಯನ್ನು ಮಾತ್ರ ಕತ್ತರಿಸಿ ಗುಜರಿಗೆ ಹಾಕಬೇಕು, ಇಲ್ಲದಿದ್ದರೆ ಯಾರೋ ಮತ್ತೆ ತೇಪೆ ಹಚ್ಚಿ ಮಾರುತ್ತಾರೆ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಗ್ಯಾಸಿನ ಜ್ವಾಲೆಯಿಂದ ತೊಲೆ ಕೊಯ್ಯುವ ದಿನ ಮರೆಪ್ಪ ಹೇಗೋ ತಿಳಿದು ಅಲ್ಲಿಗೆ ಬಂದ. ದೂರ ನಿಂತು ನೋಡಿದ. ಕಿಡಿ ಹಾರುವುದು ನಿಂತ ಮೇಲೆ ಶಿವಾಜಿಯ ಹತ್ತಿರ ಬಂದು ಕೂತ. ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದನ್ನು ಶಿವಾಜಿ ಎಂದೂ ಕೇಳಿರಲಿಲ್ಲ.

“ನನಗೂ ಇದು ಹಿಂಗ ಗಂಟು ಬಿದ್ದಿತ್ತು. ಯಾರೂ ತಗೋವಲ್ರು. ನಿನ್ನವು ಗಾಜು, ಹಗುರ ಇರತಾವು, ನಡದ ಹೋಗತೈತಿ ಅಂತ ತಿಳದಿದ್ನಿ.”

“ಗಾಜು ಹಗುರ ಇರೂದಿಲ್ಲ, ಮಾವ,” ಎಂದ ಶಿವಾಜಿ.

ಆ ವಾರವೇ ಮರೆಪ್ಪ ತನ್ನ ಚಿಕ್ಕಪ್ಪನನ್ನು ಮುಂದೆ ಮಾಡಿಕೊಂಡು, ಮಗಳನ್ನು ಕರೆದುಕೊಂಡು ತಿಕೋಟಾಕ್ಕೆ ಬಂದ. ಹುಡುಗಿ ಅವ್ವನ ಕೊರಳಿಗೆ ಬಿದ್ದು ಬಿಡಲಿಲ್ಲ. ಮಾಯವ್ವನನ್ನು ಇರು ಎಂದವರಿಲ್ಲ, ಹೋಗು ಎಂದವರೂ ಇಲ್ಲ. ಸಪ್ನಾ ಮಾತ್ರ ಅವಳನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿ ಏನೋ ಕೇಳಿದಳು. ಮಾಯವ್ವ ಹೊರಗೆ ಬಂದು ಚೀಲ ಎತ್ತಿಕೊಂಡಳು. ರೇಣವ್ವ ಮಗಳಿಗೆ ಉಡಿ ತುಂಬಿ ಕಳಿಸಿದಳು.

ಶಿವಾಜಿ ಈಗ ಬೇಕಾದಾಗ ಬಾಡಿಗೆಯ ಟೆಂಪೊ ಹಿಡಿದು ಗಾಜು ಒಯ್ಯುತ್ತಾನೆ. ಹತ್ತುವ ಮುನ್ನ ಹಿಂದೆ ಹೋಗಿ ನಿಂತು ಒಂದು ಕ್ಷಣ ನೋಡುತ್ತಾನೆ, ಡ್ರೈವರುಗಳು ನಗುತ್ತಾರೆ. ಎರಡು ಮನೆಗಳ ನಡುವೆ ಹೋಗಿಬರುವುದು ಇದೆ, ಮೊದಲಿನಷ್ಟಿಲ್ಲ. ಸಪ್ನಾ ಇನ್ನೂ ತವರಿಗೆ ಕಾಲಿಟ್ಟಿಲ್ಲ. ಮರೆಪ್ಪ ತಂಗಿಯನ್ನು ಕರೆದಿಲ್ಲ.

ಎರಡು ದಿನಕ್ಕೊಮ್ಮೆ ಶಿವಾಜಿ ತಂಗಿಗೆ ಫೋನು ಮಾಡುತ್ತಾನೆ. ಅರಾಮ ಅದೇನಿ ಎನ್ನುತ್ತಾಳೆ ಅವಳು. ದ್ರಾಕ್ಷಿಯ ಕೆಲಸಕ್ಕೆ ಹೋಗಿದ್ದು, ಮಗಳು ಸಾಲೆಗೆ ಹೋಗುವುದು, ಅದೇ ನಾಲ್ಕು ಮಾತು. ಅವಳ ಹಿಂದೆ ಟಿವಿಯ ಸದ್ದು ಕೇಳಿಸುತ್ತದೆ, ಒಮ್ಮೊಮ್ಮೆ ಕೆಮ್ಮು. ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂದು ಅವನು ಕೇಳುವ ಹಾಗಿಲ್ಲ. ಅವಳ ದನಿ ಕೊನೆಯ ಸಲಕ್ಕಿಂತ ತಗ್ಗಿದೆಯೋ, ಹಾಗೇ ಇದೆಯೋ ಎಂದು ಕಿವಿಗೊಟ್ಟು ಕೇಳುತ್ತಾನೆ, ಫೋನು ಇಡುತ್ತಾನೆ.